ಮುತ್ತು ಒರೆಸಿದ ಬಟ್ಟೆ

೧
ಎಲ್ಲಿಂದ ಶುರು ಮಾಡಲಿ? ಇಟಲಿಯಲ್ಲಿ ಸಂತ ಅಂತೋನಿಯವರು ತೀರಿಕೊಂಡಲ್ಲಿಂದ ಹಿಡಿದರೆ ಮಂಗಳೂರು ಮುಟ್ಟುವಷ್ಟರಲ್ಲಿ ಏಳುನೂರು ವರ್ಷ ದಾಟಬೇಕು. ಅಷ್ಟು ಕಾಗದ ನನ್ನಲ್ಲಿಲ್ಲ. ಆ ಡ್ರಾಫ್ಟು ಹರಿದುಹಾಕಿದೆ. ಒಗೆಯುವ ಕಲ್ಲಿನಿಂದಲೇ ಹಿಡಿಯೋಣ.

೨
೧೯೫೮. ಬೋಳಾರದ ರೊಸಾಲಿನ್ ಬಾಯಿ ಇಗರ್ಜಿಯ, ಅಂದರೆ ಚರ್ಚಿನ, ಬಟ್ಟೆ ಒಗೆದು ಇಸ್ತ್ರಿ ಹಾಕುವವಳು. ಹಬ್ಬದ ದಿನ ಅಲ್ಲಿ ಆ ಸಂತರ ಎಲುಬಿನ ಅಕ್ಕಿಕಾಳಿನಷ್ಟು ಚೂರಿಗೆ ಗಾಜಿನ ಮೇಲಿಂದ ಊರೆಲ್ಲ ಸಾಲುಗಟ್ಟಿ ಮುತ್ತಿಡುತ್ತದೆ. ಪ್ರತಿ ಮುತ್ತಿನ ನಂತರ ಪಾದ್ರಿಗಳು ಬಿಳಿ ಬಟ್ಟೆಯಿಂದ ಗಾಜು ಒರೆಸುತ್ತಾರೆ. (ಭಕ್ತಿ ಬೇರೆ, ಹೈಜೀನ್ ಬೇರೆ.) ಹಾಗೆ ಒರೆಸಿದ ಬಟ್ಟೆಗೂ ಅಷ್ಟಿಷ್ಟು ಪುಣ್ಯ ಅಂಟಿರುತ್ತದೆ ಎಂಬುದು ಜನರ ನಂಬಿಕೆ.

ಆಚೆಮನೆಯ ಹೇಮಾಕ್ಷಿಯ ಮಗಳು ಚಂಪಾಳಿಗೆ ವಾರದಿಂದ ಜ್ವರ. ಡಾಕ್ಟರರ ಮದ್ದು ನಡೆದಿತ್ತು, ದೈವಕ್ಕೆ ಹರಕೆಯೂ ಆಗಿತ್ತು. "ಬಾಯಿ, ಆ ಬಟ್ಟೆ ಒಂದು ದಿನಕ್ಕೆ ಕೊಡಿ, ಮಗುವಿನ ಹಣೆಗೆ ಇಡ್ತೇನೆ," ಎಂದು ಹೇಮಾಕ್ಷಿ ಕೇಳಿದ್ದಳು. ರೊಸಾಲಿನ್ ಒಪ್ಪಿದ್ದಳು.

೩
ಹಬ್ಬದ ಮರುದಿನ ಅವಳ ತಲೆ ಅಡುಗೆಯಲ್ಲಿತ್ತು, ಕೈ ಕಲ್ಲಿನ ಮೇಲಿತ್ತು. ಸೋಪು, ನೀಲಿ, ಗಂಜಿ. ಬಟ್ಟೆ ಹಗ್ಗದ ಮೇಲೆ ಹಾರಾಡತೊಡಗಿದಾಗ ಹೇಮಾಕ್ಷಿಗೆ ಕೊಟ್ಟ ಮಾತು ನೆನಪಾಯಿತು. ಸಂತರನ್ನು ಪೂರ್ತಿ ಚರಂಡಿಗೆ ಬಿಟ್ಟೆನಲ್ಲಾ!

ಇಲ್ಲೊಂದು ಪವಾಡ ತರೋಣವೆಂದುಕೊಂಡೆ: ಚರಂಡಿ ಬದಿಯ ಬಸಳೆ ಬೆಳಗಾಗುವುದರೊಳಗೆ ಮನೆಯ ಮಾಡು ಮುಟ್ಟಿತು, ಇತ್ಯಾದಿ. ರೊಸಾಲಿನ್ ಗದರಿದಳು.

"ಎಂತ ಮಾರಾಯ್ರೆ, ಅಲ್ಲಿ ಮಗು ಜ್ವರದಲ್ಲಿ ಬೇಯ್ತಾ ಉಂಟು, ನಿಮಗೆ ಬಸಳೆಯಾ?"

ಸರಿ, ಕ್ಯಾನ್ಸಲ್. (ಒಗೆದದ್ದನ್ನು ಹೇಳದೆ ಕೊಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟೆ. ಅದನ್ನೂ ಕೇಳಲಿಲ್ಲ. ಪಾತ್ರಗಳು ನನಗಿಂತ ಒಳ್ಳೆಯವಾದರೆ ನನಗೆ ಮೈ ಉರಿಯುತ್ತದೆ.)

೪
ಬಟ್ಟೆ ಹಿಡಿದು ಹೋದವಳು ಹೊಸಿಲಲ್ಲೇ ಹೇಳಿಬಿಟ್ಟಳು. "ಹೇಮಾಕ್ಷಿ, ಕೈತಪ್ಪಿ ಒಗೆದುಬಿಟ್ಟೆ. ಇದರಲ್ಲಿ ಈಗ ಎಂತದೂ ಇಲ್ಲ."

ಹೇಮಾಕ್ಷಿ ಅತ್ತಳು ಎಂದು ನಾನು ಆಗಲೇ ಬರೆದಿಟ್ಟಿದ್ದೆ. ಅವಳು ಅಳಲಿಲ್ಲ.

"ಒಗೆದ್ರಾ? ಬಚಾವಾದೆ! ಊರವರ ಎಂಜಲು ಮಗುವಿನ ಹಣೆಗೆ ಹೇಗೆ ಇಡುದು ಅಂತ ನನಗೆ ನಿದ್ದೆಯೇ ಇಲ್ಲ. ಹೇಳಿದ್ರೆ ನಿಮಗೆ ಬೇಸರ ಆಗ್ತದೆ ಅಂತ, ನೀವು ಕೊಟ್ಟು ಹೋದ ಮೇಲೆ ಮೆಲ್ಲ ನಾನೇ ಒಗೆಯುವ ಅಂತ ಇದ್ದೆ."

ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಚಂಪಾಳ ಹಣೆಗೆ ಹಾಕಿದರು. ಬಿಸಿಯಾದಂತೆ ಮತ್ತೆ ಅದ್ದಿದರು.

೫
ಕೊನೆಗಳು ನನ್ನ ಹತ್ತಿರ ಬೇಕಾದಷ್ಟಿವೆ. ಎ: ಜ್ವರ ಇಳಿಯಿತು, ಹೆಸರು ಸಂತರಿಗೆ. ಬಿ: ಜ್ವರ ಇಳಿಯಿತು, ಹೆಸರು ಡಾಕ್ಟರರಿಗೆ, ದೈವಕ್ಕೆ ಸಿಟ್ಟು. ಸಿ ಬರೆಯಲು ಪೆನ್ನೆತ್ತಿದೆ. ಅದು ಎಂಥದ್ದೆಂದು ಊಹಿಸಿದವಳಂತೆ ರೊಸಾಲಿನ್ ಬಾಗಿಲಿಗೆ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀವು ಹೊರಗೆ ಕೂತ್ಕೊಳ್ಳಿ. ನಿಮಗೆ ಕೊನೆ ಬೇಕು. ನಮಗೆ ಮಗು ಬೇಕು."

ಬಾಗಿಲು ಹಾಕಿಕೊಂಡಳು. ನಾನು ಜಗಲಿಯಲ್ಲಿ ಕೂತಿದ್ದೇನೆ. ನೀವೂ ಬನ್ನಿ, ಗಲಾಟೆ ಮಾಡಬೇಡಿ.