ಗುಳ್ಳೆಯೊಳಗಿನ ಗುಳ್ಳೆ

ಗುಳ್ಳೆಯೊಳಗೊಂದು ಗುಳ್ಳೆ — ಇದೇನಿದು, ಕಣ್ಣು ಮಂಜಾಯಿತೇ, ಸೂಕ್ಷ್ಮದರ್ಶಕದಿಂದ ಮುಖ ತೆಗೆದು ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದಳು, ಇದೆ, ಅಲ್ಲೇ ಇದೆ, ಕಪ್ಪು ಅಂಚು ಕಟ್ಟಿಕೊಂಡು ದುಂಡಗೆ, ದೊಡ್ಡ ಗುಳ್ಳೆಯ ಹೊಟ್ಟೆಯೊಳಗೆ ಆರಾಮಾಗಿ ಕೂತಿದೆ, ಹೇಗೆ ಸಾಧ್ಯ, ಜ್ವಾಲಾಮುಖಿ ಬೆಟ್ಟ ಸಿಡಿಯುವಾಗ ಶಿಲಾಪಾಕದೊಳಗಿನ ಅನಿಲ ಗುಳ್ಳೆಯಾಗುತ್ತದೆ, ಪಾಕ ಆರಿ ಕಲ್ಲಾದರೆ ಗುಳ್ಳೆಯಿದ್ದ ಜಾಗ ಬರೀ ತೂತು, ತೂತಿನೊಳಗೆ ಇನ್ನೊಂದು ತೂತು ಎಲ್ಲಿಂದ ಬರಬೇಕು — ಅಯ್ಯೋ, ಅಂಟು! ತೆಳ್ಳಗೆ ಕೊಯ್ಯುವಾಗ ಟೊಳ್ಳು ಕಲ್ಲು ಪುಡಿಯಾಗದಿರಲೆಂದು ತೂತುಗಳಿಗೆಲ್ಲ ಅಂಟು ತುಂಬುತ್ತಾರೆ, ತುಂಬಿದವಳು ಇವಳೇ, ಈ ಗುಳ್ಳೆ ಬೆಟ್ಟದ್ದಲ್ಲ, ಅಂಟಿನದು, ಇದರ ತಮ್ಮ ತಂಗಿಯರನ್ನೆಲ್ಲ ಮೂರು ತಿಂಗಳು ಕೂತು ಎಣಿಸಿದ್ದಾಳೆ, ನಾಲ್ಕು ಸಾವಿರದ ಆರುನೂರ ಹನ್ನೆರಡು, ಅದರಲ್ಲಿ ಬೆಟ್ಟದ್ದೆಷ್ಟು, ಅಂಟಿನದೆಷ್ಟು, ದೇವರಿಗೇ ಗೊತ್ತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಗಡಿಯಾರದಲ್ಲಿ ಮೂರಕ್ಕೆ ಇಪ್ಪತ್ತು ನಿಮಿಷ, ಮೂರಕ್ಕೆ ಇಡೀ ವಿಭಾಗದ ಮುಂದೆ ಹೇಳಬೇಕು, ಪಾಕ ಆಳದಿಂದ ಮೇಲೇರಿ ಬೆಟ್ಟ ನಾಲ್ಕೇ ಗಂಟೆಯಲ್ಲಿ ಸಿಡಿಯಿತು ಅಂತ, ಸಣ್ಣ ಗುಳ್ಳೆ ಹೆಚ್ಚಿದ್ದಷ್ಟೂ ಪಾಕ ಬೇಗ ಮೇಲೇರಿದೆ ಎಂದರ್ಥ, ಸೋಡಾ ಬಾಟಲಿಯನ್ನು ಮೆಲ್ಲಗೆ ತೆರೆದರೆ ಅಲ್ಲೊಂದು ಇಲ್ಲೊಂದು, ಫಟ್ಟನೆ ತೆರೆದರೆ ನೊರೆಯೋ ನೊರೆ, ಗುಳ್ಳೆ ಸುಳ್ಳು ಹೇಳೋದಿಲ್ಲಮ್ಮ ಅನ್ನುತ್ತಾರೆ ಗೈಡು, ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ, ನಮ್ಮ ಹುಡುಗಿ ನಾಲ್ಕು ಗಂಟೆ ಅಂತ ಹಿಡಿದುಬಿಟ್ಟಳು ಕಣ್ರೀ, ಈಗ ಈ ಪುಂಡ ಗುಳ್ಳೆಗಳನ್ನು ಕಳೆದರೆ ನಾಲ್ಕು ಗಂಟೆ ಹೋಗಿ ನಾಲ್ಕು ದಿನವೂ ಆದೀತು, ಅದನ್ನು ಹೇಳದೆ ನುಂಗಿಕೊಂಡರೆ ಯಾರಿಗೆ ತಿಳಿಯುತ್ತದೆ, ಯಾರಿಗೂ ಇಲ್ಲ, ಭಯ, ನಾಚಿಕೆ, ಎರಡೂ, ಮತ್ತೆ ಬಗ್ಗಿದಳು, ಕೂತಿದೆ, ದುಂಡಗೆ, ಎಲ್ಲ ಅಕ್ಕನಿಂದ. ಅಂಟು ಕಲಸುವ ದಿನವೇ ಫೋನು ಮಾಡಬೇಕಿತ್ತೇ ಅವಳು, ನಿನ್ನ ನೋಡೋಕೆ ಬರೋರಿಗೆ ಹೇಳಿದೆ ಕಣೇ, ನಮ್ಮ ತಂಗಿ ಕಲ್ಲಲ್ಲಿ ತೂತು ಎಣಿಸ್ತಾಳೆ ಅಂತ, ಪಾಪ ಅವರಿಗೆ ನಗು ತಡೆಯೋಕೇ ಆಗಲಿಲ್ಲ, ತೂತು! ಏಳು ವರ್ಷ ಓದಿದ್ದು ತೂತಿಗೇ! ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಡ್ಡಿ, ಗರಗರ ಗರಗರ, ಲ್ಯಾಬಿನಲ್ಲಿ ಕಲ್ಲು ಕೊಯ್ಯುವ ಅಣ್ಣ ಬಾಗಿಲಲ್ಲಿ ನಿಂತು ಹೇಳಿಯೇ ಹೇಳಿದರು, ಮೇಡಂ, ಅಂಟನ್ನ ನಿಧಾನಕ್ಕೆ ಕಲಸಿ, ಗಾಳಿ ತುಂಬ್ಕೊಳ್ಳುತ್ತೆ, ಸಿಟ್ಟಿದ್ರೆ ಒಂದು ಸುತ್ತು ಆಚೆ ಹೋಗಿ ಬನ್ನಿ, ನನಗೇನೂ ಸಿಟ್ಟಿಲ್ಲ ಅಂತ ಕಿರುಚಿದ್ದಳು, ಗಾಳಿ ಎಳೆಯುವ ಪಂಪಿಗೂ ಇಡದೆ ಹಾಗೇ ಸುರಿದಿದ್ದಳು, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ, ಆದರೆ ಗೈಡು ಹೇಳಿದ್ದು ನಿಜ, ಗುಳ್ಳೆ ಸುಳ್ಳು ಹೇಳಿಲ್ಲ, ಕಡ್ಡಿ ಎಷ್ಟು ಜೋರಾಗಿ ತಿರುಗಿತೋ ಅಷ್ಟನ್ನೂ ಬರೆದಿಟ್ಟಿದೆ, ಬೆಟ್ಟದ ಸಿಟ್ಟೆಂದು ಇವಳು ಅಳೆದದ್ದು ತನ್ನದೇ ಸಿಟ್ಟನ್ನು, ತೂತು ಎಣಿಸ್ತಾಳೆ ಎಂದಳಲ್ಲ ಅಕ್ಕ, ಅದನ್ನೂ ಸರಿಯಾಗಿ ಎಣಿಸಲಿಲ್ಲ, ನಗು ಬಂತು, ಅಳುವೂ ಬಂತು, ಯಾವುದು ಮೊದಲು ಎಂದು ತಿಳಿಯುವಷ್ಟರಲ್ಲಿ ಬಾಗಿಲು ತೆರೆಯಿತು.

ರೆಡಿಯೇನಮ್ಮ, ಎಲ್ಲರೂ ಬಂದು ಕೂತಿದ್ದಾರೆ — ಗೈಡು, ಹೊಸ ಅಂಗಿ, ಅಯ್ಯೋ ಹೊಸ ಅಂಗಿ ಬೇರೆ ಹಾಕಿಕೊಂಡು ಬಂದಿದ್ದಾರೆ — ಏನು ನೋಡ್ತಿದ್ದೀಯ ಕೊಡು, ಎನ್ನುತ್ತಲೇ ಕನ್ನಡಕ ಹಣೆಗೇರಿಸಿ ಬಗ್ಗಿಯೇಬಿಟ್ಟರು, ಆಹಾ, ಎಷ್ಟು ದುಂಡಗಿದೆಯಮ್ಮ, ಇದನ್ನೇ ದೊಡ್ಡದು ಮಾಡಿ ಮೊದಲ ಚಿತ್ರಕ್ಕೆ ಹಾಕು, ನೋಡಿದವರು ಬೆರಗಾಗಬೇಕು, ಬೆರಗಾಗುತ್ತಾರೆ ಸರ್, ಖಂಡಿತ ಆಗುತ್ತಾರೆ, ಹೂಂ ಅಂದುಬಿಡು, ಒಂದೇ ಅಕ್ಷರ, ನುಂಗಿಬಿಡು, ನುಂಗಿದರೆ ಇದೂ ಒಳಗೇ ಕೂರುತ್ತದೆ, ದುಂಡಗೆ, ಸಾಯುವವರೆಗೆ — ಸರ್, ಅದು ಬೆಟ್ಟದ್ದಲ್ಲ, ನನ್ನದು, ಅಂದವಳು ಇವಳೇ, ಧ್ವನಿಯೂ ಇವಳದೇ, ಗೈಡು ತಲೆಯೆತ್ತಲಿಲ್ಲ, ಬಗ್ಗಿಯೇ ಇದ್ದಾರೆ, ಕಿವಿ ಮಾತ್ರ ಮೆಲ್ಲಗೆ ಕೆಂಪಾಗುತ್ತಿದೆ, ಅವರಿಗೂ ಕಾಣುತ್ತಿದೆ ಈಗ, ಗುಳ್ಳೆ, ಅದರೊಳಗೆ ಇನ್ನೊಂದು ಗುಳ್ಳೆ, ಕಪ್ಪು ಅಂಚು, ದುಂಡಗೆ —