ಅರಿಸಿನದ ಡಬ್ಬಿಗೆ ಪಥ್ಯ

ಬಸ್ಸಾರಿಗೆ ಹುಳಿಯೇ ಬಿದ್ದಿಲ್ಲವೆಂದು ಗೊಣಗುತ್ತ ಸಿದ್ದರಾಮು ಮುದ್ದೆ ಮುರಿದರು. ಬದನೆಕಾಯಿಯ ಮುಖ ನೋಡಿಯೂ ಎಷ್ಟೋ ದಿನವಾಯಿತಂತೆ. ಮದ್ದೂರಿನ ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡುವ ಮಗಳು ಶೋಭಿತಾ ರಜೆಗೆಂದು ಮಳವಳ್ಳಿಯ ಮನೆಗೆ ಬಂದಿದ್ದಳು. ಅಪ್ಪನ ನಾಲಿಗೆ ಚುರುಕಾಗಿದೆಯೆಂದು ಅವಳಿಗೆ ಖುಷಿಯೇ ಆಯಿತು.

ಮಿದುಳಿನ ರಕ್ತನಾಳ ಕಟ್ಟಿಕೊಂಡು ಅವರ ಎಡಗೈ ಸೋತದ್ದು ಯುಗಾದಿಯ ಹೊತ್ತಿಗೆ. ಅಂದಿನಿಂದ ಶೋಭಿತಾ ಸುಮ್ಮನಿರಲಾರದೆ ಓದುತ್ತಿದ್ದಳು. ಪೆಟ್ಟಾದ ಜಾಗದಲ್ಲಿ ಉರಿಯೂತ ಉಳಿಯುತ್ತದೆ, ಅರಿಸಿನದ ಸಾರ ಅದನ್ನು ತಗ್ಗಿಸಬಹುದು ಎನ್ನುತ್ತಿದ್ದವು ಕೆಲವು ಪ್ರಬಂಧಗಳು. ಅವುಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದ ಪ್ರಯೋಗಗಳು. ಗೊತ್ತಿದ್ದೂ ಕಳೆದ ಸಲ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟಿದ್ದಳು. ಡಾಕ್ಟರನ್ನು ಕೇಳಿರಲಿಲ್ಲ.

ಹುಳಿ ಯಾಕಿಲ್ಲವೆಂದು ತಾಯಿ ಮಾಯಮ್ಮನನ್ನು ಕೇಳಿದಳು.

"ಪಥ್ಯ ಕಣವ್ವ. ನೀನೇ ತಂದ ನಾಟಿ ಔಸ್ದಿಗೆ."

ಡಬ್ಬಿಯ ಮೇಲೆ ಅರಿಸಿನದ ಕೊಂಬಿನ ಚಿತ್ರವಿತ್ತು, ಅದನ್ನು ನೋಡಿ ಮಾಯಮ್ಮ ನಾಟಿ ಮದ್ದೆಂದುಕೊಂಡಿದ್ದರು. ಶೋಭಿತಾಳ ಕೈ ತಟ್ಟೆಯಲ್ಲೇ ನಿಂತಿತು. ಲಕ್ವದ ನಾಟಿ ಮದ್ದಿಗೆ ಹುಳಿ, ಬದನೆ ಬಿಡುವುದಲ್ಲದೆ ಇನ್ನೊಂದು ಕಟ್ಟಳೆಯೂ ಇತ್ತು.

"ಆಸ್ಪತ್ರೆ ಮಾತ್ರೆ?"

"ಎರಡೂ ಕೂಡಿದ್ರೆ ಕೆಟ್ಟೋಯ್ತದೆ. ಓದಿರೋಳು, ತಿಳ್ಕಂಡೇ ತಂದಿದ್ದೀಯ ಅಂತ ಅವತ್ತೇ ನಿಲ್ಲಿಸ್ಬುಟ್ಟೆ."

ರಕ್ತ ಮತ್ತೆ ಹೆಪ್ಪುಗಟ್ಟದಂತೆ ತಡೆಯುತ್ತಿದ್ದದ್ದು ಆ ಮಾತ್ರೆಯೇ. ಶೋಭಿತಾ ಅಡುಗೆಮನೆಗೂ ಬಾಗಿಲಿಗೂ ಅಲೆಯುತ್ತ, ಅಪ್ಪನಿಗೆ ಚಿಕಿತ್ಸೆ ಕೊಟ್ಟ ಮಂಡ್ಯದ ಡಾಕ್ಟರಿಗೆ ಫೋನು ಮಾಡಿದಳು. ಮಾತು ತೊದಲುತ್ತಿದೆಯೆ, ಮುಖ ವಾಲಿದೆಯೆ ಎಂದು ಅವರು ಮೊದಲು ಕೇಳಿದರು.

"ಅಪ್ಪ, ಒಂದ್ಸಲ ನಗು."

"ಸಪ್ಪೆ ಸಾರು ಉಣ್ಸಿ ನಗು ಅಂದ್ರೆ ಎಲ್ಲಿಂದ ತರ್ಲವ್ವ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಬಾಯಿಯ ಎಡಮೂಲೆ ಕೊಂಚ ಕೆಳಗಿತ್ತು. ಮೊದಲೂ ಇಷ್ಟೇ ಇತ್ತೆ? ಬಂದಾಗಲೆಲ್ಲ ಅವಳು ನೋಡುತ್ತಿದ್ದದ್ದು ಕೈಯನ್ನು. ಮೊದಲಿಂದಲೂ ಹಾಗೇ ಇದೆ ಎಂದರು ಮಾಯಮ್ಮ. ಆದರೆ ಅವರ ದನಿಯೂ ಗಟ್ಟಿಯಿರಲಿಲ್ಲ. ಊಹೆ ಬೇಡ, ಬಾಯಿಗೆ ಏನೂ ಕೊಡದೆ ಈಗಲೇ ಕರೆತನ್ನಿ ಎಂದರು ಡಾಕ್ಟರು. ಆ ಡಬ್ಬಿಯೂ ಬೇಕಂತೆ, ಅರಿಸಿನದ ಸಾರವೂ ಆ ಮಾತ್ರೆಯ ಹಾಗೆ ರಕ್ತವನ್ನು ತೆಳುವಾಗಿಸಬಹುದಂತೆ.

ಪಕ್ಕದ ಮನೆಯ ಕಾರು ಬಂತು. ಮಾಯಮ್ಮ ಮಾತ್ರೆಗಳನ್ನು ಚೀಲಕ್ಕೆ ಹಾಕಿ, ಡಬ್ಬಿಯನ್ನು ಬೇರೆಯಾಗಿ ಸೆರಗಿಗೆ ಕಟ್ಟಿಕೊಂಡಿದ್ದರು. ಶೋಭಿತಾ ಗಂಟು ಬಿಚ್ಚಿ ಅದನ್ನೂ ಚೀಲಕ್ಕೆ ಸೇರಿಸಿದಳು.

"ಏನೂ ಆಗಲ್ವೇನವ್ವ?" ಎಂದರು ಮಾಯಮ್ಮ.

ಶೋಭಿತಾ ಅಪ್ಪನನ್ನು ಕಾರಿಗೆ ಹತ್ತಿಸಿದಳು. ಮಾತಾಡ್ತಲೇ ಇರು ಎಂದು ಅಪ್ಪನಿಗೆ ಹೇಳಿದಳು. ಸಿದ್ದರಾಮು ಬಸ್ಸಾರಿನ ದೂರನ್ನು ಮೊದಲಿನಿಂದ ಶುರುಮಾಡಿದರು. ಎಲ್ಲಿಯಾದರೂ ನಾಲಿಗೆ ಎಡವೀತೇ ಎಂದು ಅವಳು ಒಂದೊಂದು ಮಾತಿಗೂ ಕಿವಿಗೊಟ್ಟು ಕೂತಳು.