ಏಳುನೂರು ಮಿಲಿ

ಹದಿನಾಲ್ಕು ಎಣಿಸುವಷ್ಟರಲ್ಲಿ ರೋಗಿಯ ಪಕ್ಕೆಲುಬು ಮುರಿಯಿತು. ಸದ್ದು ಶಿವಕಾಂತನ ಅಂಗೈಗೇ ಮೊದಲು ಗೊತ್ತಾದದ್ದು. ನಿಲ್ಲಿಸುವ ಹಾಗಿಲ್ಲ. ಗುಂಡಿಗೆ ನಿಂತವನ ಎದೆ ಒತ್ತುತ್ತಲೇ ಇರಬೇಕು.

"ಪೊಟ್ಯಾಶಿಯಂ ಎಂಟು! ಯಾರು ಏನು ಕುಡಿಸಿದಿರಿ?" ಡಾಕ್ಟರ್ ಪ್ರಜ್ಞಾ ಮರಾಠಿಯಲ್ಲಿ ಕಿರುಚಿದಳು.

"ಪಾನಿ ನಹೀ ದಿಯಾ, ಮೇಡಂ," ನೀರು ಕೊಟ್ಟಿಲ್ಲವೆಂದು ಹರಕು ಹಿಂದಿಯಲ್ಲಿ ಹೇಳುತ್ತ ರೋಗಿಯ ಹೆಂಡತಿ ರೇಣವ್ವ ಎರಡೂ ಕೈ ಜೋಡಿಸಿದಳು. "ಎಳನೀರು... ನಾರಿಯಲ್ ದಿಯಾ. ಚಾರ್." ನಾಲ್ಕು ಬೆರಳು ತೋರಿಸಿದಳು.

ಸಿಮೆಂಟು ಹೊರುವ ಮಹಾದೇವಪ್ಪನ ಕಿಡ್ನಿ ಕೆಟ್ಟಿದ್ದವು. ದಿನಕ್ಕೆ ಏಳುನೂರು ಮಿಲಿ ನೀರು, ಅದೂ ನರ್ಸ್ ಶಿವಕಾಂತ ಅಳೆದು ಕೊಟ್ಟರೆ. ಎಳನೀರಂತೂ ಬೇಡವೇ ಬೇಡ. ಅದರೊಳಗಿನ ಪೊಟ್ಯಾಶಿಯಂ ಉಪ್ಪು ಹೊರಹೋಗದೆ ಗುಂಡಿಗೆಯನ್ನೇ ನಿಲ್ಲಿಸುತ್ತದೆ. ಇದನ್ನೆಲ್ಲ ಮುಂಜಾನೆ ಅವನು ರೇಣವ್ವನಿಗೆ ಚೊಕ್ಕ ಮರಾಠಿಯಲ್ಲಿ ಹೇಳಿದ್ದ. ಅವಳಿಗೆ ತಿಳಿದದ್ದು ನೀರು ಬೇಡ, ಅಷ್ಟೇ.

ಶಿವಕಾಂತ ಹುಟ್ಟಿದ್ದು ಕರ್ನಾಟಕದ ಆಳಂದದಲ್ಲಿ. ನಾಸಿಕ್ ರೋಡಿನ ಈ ಆಸ್ಪತ್ರೆಯಲ್ಲಿ ಮಾತ್ರ ಎಂಟು ವರ್ಷದಿಂದ ಅವನು ಲಾತೂರಿನ ಮರಾಠಿಯವನು. ಕಟ್ಟಡದ ಸೈಟಿಗೆ ದುಡಿಯಲು ಬಂದ ಕನ್ನಡದ ಮಂದಿಗೆ 'ನಮ್ಮವರು' ಅಂತ ಗೊತ್ತಾದರೆ ಮುಗಿಯಿತು. ಅಣ್ಣಾರ, ನಂಬರ್ ಕೊಡ್ರಿ. ಅಣ್ಣಾರ, ನಮ್ಮ ಕೂಸಿನ್ನೂ ಒಂಚೂರು ನೋಡ್ರಿ. ನರ್ಸಿಂಗ್ ಓದಿದ್ದು ಅದಕ್ಕಲ್ಲ.

ಮುಂಜಾನೆ ರೇಣವ್ವ ಗಂಡನ ಕಿವಿಯಲ್ಲಿ ಅಂದದ್ದು ಅವನಿಗೂ ಕೇಳಿತ್ತು: "ನೀರ ಬ್ಯಾಡಂತ. ತಾಳ, ಬ್ಯಾರೆ ಏನರ ತರತೀನಿ."

ಬೇರೆ ಏನು ಅಂತ ಕೇಳಬೇಕಿತ್ತು. ಕೇಳಿದ್ದರೆ ಆಳಂದ ಹೊರಬೀಳುತ್ತಿತ್ತು. ಪಕ್ಕದ ಮಂಚಕ್ಕೆ ಹೋಗಿ, ಮುಗಿಯದ ಸಲೈನ್ ಬಾಟಲಿ ನೋಡುತ್ತ ನಿಂತಿದ್ದ.

"ಇಪ್ಪತ್ತೊಂದು, ಇಪ್ಪತ್ತೆರಡು..." ಈಗ ಅವನು ಎದೆ ಒತ್ತುತ್ತ ಎಣಿಸುತ್ತಿದ್ದ.

ರೇಣವ್ವನ ಅಳು ಗಕ್ಕನೆ ನಿಂತಿತು. "ಯವ್ವಾ! ನಮ್ಮ ಮಾತಿನಾಗ ಎಣಸಲಕತ್ಯಾನ!"

ತನ್ನ ಬಾಯಿಂದ ಏನು ಬರುತ್ತಿದೆಯೆಂದು ಅವನಿಗೂ ಆಗಲೇ ತಿಳಿದದ್ದು. ಮರಾಠಿಯ ಅಂಕಿಗಾಗಿ ತಡಕಾಡಿದ. ಒಂದೂ ಸಿಗಲಿಲ್ಲ.

"ಕನ್ನಡ ಬರತದೇನ್ರಿ ನಿಮಗ?"

"ಹೊರಗ ಹೋಗ್ರಿ."

"ಮುಂಜಾನಿ ಯಾಕ ಬಿಡಿಸಿ ಹೇಳಲಿಲ್ರಿ?"

"ಇಪ್ಪತ್ತಮೂರು."

ಆಚೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ರೇಣವ್ವನ ಮೈದುನ ಶಾಂತಕುಮಾರ ಪರದೆ ಕಿತ್ತುಕೊಂಡು ಒಳನುಗ್ಗಿದ. ಮೊದಲ ಗುದ್ದು ಬೆನ್ನಿಗೆ. "ಭಾಡ್ಯಾ, ನಮ್ಮವನಾಗಿ ಕೊಂದೆಲ್ಲೋ!" ಎರಡನೆಯದು ಕಿವಿಗೆ. ಸಲೈನ್ ಕಂಬ ಉರುಳಿತು. ಇಂಜೆಕ್ಷನ್ ಚುಚ್ಚಲು ಬಂದ ಡಾಕ್ಟರ್ ಗೋಡೆಗೆ ಹೋಗಿ ಬಡಿದಳು.

ಕೈ ತೆಗೆದರೆ ಮಹಾದೇವಪ್ಪ ಸತ್ತ. ಶಿವಕಾಂತ ತೆಗೆಯಲಿಲ್ಲ. ಬೆನ್ನಿಗೆ ಬಿದ್ದ ಗುದ್ದು ಅವನ ತೋಳಿನೊಳಗಿಂದ ಇಳಿದು ಆ ಮುರಿದ ಎದೆಗೇ ಹೋಗುತ್ತಿತ್ತು. ತುಟಿ ಹರಿದು ರಕ್ತ ತೊಟ್ಟಿಕ್ಕಿತು, ಕೆಳಗಿನವನ ಹೊಟ್ಟೆಯ ಮೇಲೆ.

ಮಾನಿಟರಿನ ಹಸಿರು ಗೆರೆ ಚಂಗನೆ ಎದ್ದಿತು.

"ಬಂತು! ಜೀವ ಬಂತು!" ರೇಣವ್ವ ಚೀರಿದಳು. "ಶಾಂತ್ಯಾ, ಬಿಡಬ್ಯಾಡ, ಹೊಡಿ! ಇನ್ನೊಂದ ಹೊಡಿ!"

ಶಾಂತಕುಮಾರ ಹೊಡೆದ. ಗೆರೆ ಎದ್ದಿತು. ಮತ್ತೆ ಹೊಡೆದ, ಮತ್ತೆ ಎದ್ದಿತು.

ಅದು ಗುಂಡಿಗೆಯ ಬಡಿತವೋ ಗುದ್ದೋ ತಿಳಿಯಬೇಕಾದರೆ ಒತ್ತುವವನೂ ಹೊಡೆಯುವವನೂ ಒಮ್ಮೆ ಕೈ ತೆಗೆಯಬೇಕಿತ್ತು. ಯಾರೂ ತೆಗೆಯಲಿಲ್ಲ.